ಹದಿನೇಳನೇ ನಂಬರಿನ ಸಿಪಿಯು

"ಕಂಪ್ಯೂಟರ್ ಸುಳ್ಳು ಹೇಳಲ್ಲ" ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈ ಉರಿಯುತ್ತದೆ. ಹೇಳುವವರು ಸಾಮಾನ್ಯವಾಗಿ ಕುರ್ಚಿಗೆ ಒರಗಿಕೊಂಡು, ಮಾತು ಇಲ್ಲಿಗೆ ಮುಗಿಯಿತು ಎಂಬ ಧಾಟಿಯಲ್ಲಿ ಹೇಳುತ್ತಾರೆ. ಕಂಪ್ಯೂಟರ್ ಸುಳ್ಳೂ ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. ತನ್ನ ತಂತಿಯಲ್ಲಿ ಹರಿದದ್ದನ್ನು ಬರೆದಿಡುತ್ತದೆ. ಅದನ್ನು ಓದಿಕೊಂಡು ಹೋಗಿ ಒಬ್ಬರ ಕುತ್ತಿಗೆ ಹಿಡಿಯುವವರು ಮನುಷ್ಯರೇ.

ಕಂಪ್ಯೂಟರ್ ಭದ್ರತೆ ನನ್ನ ಹೊಟ್ಟೆಪಾಡು. ಯಾರ ಜಾಲದೊಳಗೆ ಯಾರು ನುಗ್ಗಿದರು, ಒಳಗಿನದು ಹೊರಗೆ ಹೇಗೆ ಹೋಯಿತು ಎಂದು ಹುಡುಕಿ ಹೇಳುವ ಕೆಲಸ. ಆದರೆ ಜಯಲಕ್ಷ್ಮಿಪುರಂನ ನನ್ನ ಮನೆಯಲ್ಲಿ ನೆಟ್ ಸಂಪರ್ಕವಿಲ್ಲ. ನೆಂಟರು ಬಂದಾಗ ಇದೊಂದು ತಮಾಷೆ. "ಊರಿಗೆಲ್ಲ ಬೀಗ ಹಾಕ್ತೀಯ, ನಿಮ್ಮನೇಲಿ ಬಾಗಿಲೇ ಇಲ್ವಲ್ಲೇ" ಎಂದು ನಮ್ಮ ಚಿಕ್ಕಮ್ಮ ನಗುತ್ತಾರೆ. ನಗಲಿ. ದಿನವಿಡೀ ಬೇರೆಯವರ ಲಾಗಿನ್, ಬೇರೆಯವರ ಮೇಲ್, ಬೇರೆಯವರು ಕದ್ದು ನೋಡಿದ ಚಿತ್ರ ಇವುಗಳ ಮಧ್ಯೆ ಕೈಯಾಡಿಸಿ ಬಂದವಳಿಗೆ ಸಂಜೆ ಒಂದು ಲೋಟ ಕಾಫಿ ಮತ್ತು ಯಾವ ತಂತಿಯೂ ಇಲ್ಲದ ಒಂದು ಕೋಣೆ ಸಾಕು. ತಂತಿಯ ಹೊರಗೆ ನಡೆಯುವುದನ್ನು ನೋಡದೆ ತಂತಿಯೊಳಗಿನದನ್ನು ಮಾತ್ರ ಓದುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಸಿಟ್ಟು ಪೂರ್ತಿ ಗಟ್ಟಿಯಾದದ್ದು ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ, ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ. ಅದನ್ನು ಹೇಳುತ್ತೇನೆ.

ಅದು ದೊಡ್ಡ ಕಂಪನಿಗಳಿಗೆ ಯಂತ್ರದ ಬಿಡಿಭಾಗ ಮಾಡಿಕೊಡುವ ಕಾರ್ಖಾನೆ. ದಸರಾ ಹಬ್ಬ ಕಳೆದು ಕೆಲವು ವಾರಗಳಾಗಿದ್ದವು. ಅಲ್ಲಿನ ಜನರಲ್ ಮ್ಯಾನೇಜರ್ ಫೋನ್ ಮಾಡಿ ಬರಹೇಳಿದರು. ಹೋಗುತ್ತಲೇ ಬಾಗಿಲು ಹಾಕಿಸಿ ವಿಷಯ ಹೇಳಿದರು. ಹೊಸ ಭಾಗವೊಂದರ ಡ್ರಾಯಿಂಗ್ ಇವರಲ್ಲಿ ತಯಾರಾಗಿತ್ತು. ಅದೇ ಡ್ರಾಯಿಂಗ್ ಇಟ್ಟುಕೊಂಡು ಇನ್ನೊಂದು ಕಾರ್ಖಾನೆ ಕಡಿಮೆ ದರ ಕೂಗಿತ್ತು. ಇವರ ಡ್ರಾಯಿಂಗಿನಲ್ಲಿ ಒಂದು ಅಳತೆ ತಪ್ಪಾಗಿತ್ತಂತೆ. ಅವರದರಲ್ಲೂ ಅದೇ ಅಳತೆ, ಅದೇ ತಪ್ಪು. ಕೆಲಸ ಕೊಡಬೇಕಾಗಿದ್ದ ದೊಡ್ಡ ಕಂಪನಿ ಇವರನ್ನೇ ಕರೆದು ಛೀಮಾರಿ ಹಾಕಿತ್ತು.

"ಯಾರು ಅಂತ ಗೊತ್ತಾಗ್ಬುಟ್ಟಿದೆ ಕಣ್ರೀ. ನಮ್ಮ ಡ್ರಾಯಿಂಗ್ ಆಪರೇಟರ್ ಹುಡುಗಿ. ಸಸ್ಪೆಂಡೂ ಮಾಡಿಯಾಯ್ತು. ನಿಮ್ದೊಂದು ವರದಿ ಬೇಕು ಅಷ್ಟೇ, ಕೆಲಸದಿಂದ ತೆಗೆಯಕ್ಕೆ" ಎಂದರು.

"ಗೊತ್ತಾಗಿದ್ದು ಹೇಗೆ?"

"ಸರ್ವರ್‌ನಲ್ಲಿದೆ. ಹದಿನೇಳನೇ ನಂಬರಿನಿಂದ ಹೋಗಿದೆ. ಹದಿನೇಳು ಅವಳದು. ಕಂಪ್ಯೂಟರ್ ಸುಳ್ಳು ಹೇಳಲ್ವಲ್ಲ ಮೇಡಂ."

ಮ್ಯಾನೇಜರ್ ಪಕ್ಕದಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥರು ಕೂತಿದ್ದರು. ಆ ಹೆಣ್ಣುಮಗಳು ಕೆಲಸ ಮಾಡುತ್ತಿದ್ದುದು ಅವರ ಕೈಕೆಳಗೆ. ತಿದ್ದಿ ತೀಡಿದ ಮೀಸೆ, ಇಸ್ತ್ರಿ ಮುರಿಯದ ಷರ್ಟು, ಮಾತಿಗೊಂದು "ಪಾಪ". "ಪಾಪ, ಬಡವರ ಮನೆ ಹುಡುಗಿ. ಯಾರೋ ಆಸೆ ತೋರಿಸಿರ್ತಾರೆ" ಎಂದರು. ನನಗೆ ಆ ಮನುಷ್ಯ ನೋಡಿದ ಕೂಡಲೇ ಹಿಡಿಸಲಿಲ್ಲ. ಆದರೆ ನನಗೆ ಹಿಡಿಸದವರು ಬಹಳ ಜನರಿದ್ದಾರೆ, ಅದು ಸಾಕ್ಷಿಯಾಗುವುದಿಲ್ಲ.

ಈ ನಂಬರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಚೇರಿಯ ಪ್ರತಿ ಕಂಪ್ಯೂಟರಿಗೂ ಜಾಲದಲ್ಲಿ ಒಂದೊಂದು ನಂಬರು. ಕಂಪ್ಯೂಟರ್ ಮಾರಿದವರು ಅದನ್ನು ಒಮ್ಮೆ ಅದರೊಳಗೇ ಬರೆದಿಟ್ಟು ಹೋಗಿದ್ದರು. ಹೊರಗಿನ ಇಂಟರ್ನೆಟ್ಟಿಗೆ ಇದ್ದದ್ದು ಒಂದೇ ದಾರಿ, ಆ ದಾರಿಯಲ್ಲಿ ಕೂತ ಸರ್ವರ್ ಯಾವ ನಂಬರಿನಿಂದ ಯಾವ ಹೊತ್ತಿಗೆ ಯಾವ ತಾಣಕ್ಕೆ ಎಷ್ಟು ಹೋಯಿತು ಎಂದು ಬರೆದುಕೊಳ್ಳುತ್ತಿತ್ತು. ಕೂತಿದ್ದವರ ಹೆಸರು ಅದಕ್ಕೆ ಗೊತ್ತಿಲ್ಲ. ನಾನು ನೋಡಿದೆ. ಹಬ್ಬದ ರಜೆ ಮುಗಿದ ವಾರ, ಒಂದು ಮಧ್ಯಾಹ್ನ, ಹದಿನೇಳರಿಂದ ಪುಕ್ಕಟೆ ಮೇಲ್ ತಾಣವೊಂದಕ್ಕೆ ದೊಡ್ಡ ಫೈಲ್ ಹೋಗಿತ್ತು. ಡ್ರಾಯಿಂಗಿನ ಗಾತ್ರಕ್ಕೆ ಸರಿಯಾಗಿ ಹೊಂದುತ್ತಿತ್ತು. ಕಂಪ್ಯೂಟರ್ ಕೊಟ್ಟವರು ಬರೆದುಕೊಟ್ಟಿದ್ದ ನಕ್ಷೆಯಲ್ಲಿ ಹದಿನೇಳರ ಮುಂದೆ ಆ ಹೆಣ್ಣುಮಗಳ ಹೆಸರಿತ್ತು. ಅಲ್ಲಿಯವರೆಗೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ.

"ಅವರ ಕಂಪ್ಯೂಟರ್ ತೋರಿಸಿ" ಎಂದೆ.

ಕಚೇರಿ ಅಂದರೆ ಒಂದು ಉದ್ದನೆಯ ಹಾಲು, ಸಾಲು ಮೇಜು. ಮೇಜಿನ ಮೇಲೆ ಮಾನಿಟರು, ಕೆಳಗೆ ಸಿಪಿಯು ಡಬ್ಬ. ಎಲ್ಲ ಒಂದೇ ಕಂಪನಿಯವು, ಒಂದೇ ಬೂದು ಬಣ್ಣ. ಆಕೆಯ ಮೇಜಿನ ಮುಂದೆ ಕೂತು ಡಬ್ಬ ಚಾಲೂ ಮಾಡಿ ನಂಬರು ಕೇಳಿದೆ. ಇಪ್ಪತ್ಮೂರು ಎಂದಿತು.

"ನೋಡಿದ್ರಾ, ನಂಬರ್ ಬದಲಾಯಿಸ್ಬುಟ್ಟಿದಾಳೆ!" ಎಂದು ಮ್ಯಾನೇಜರ್ ನನ್ನ ಭುಜದ ಹಿಂದಿನಿಂದಲೇ ಕೂಗಿದರು. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮನುಷ್ಯನಿಗೆ ಒಮ್ಮೆ ತೀರ್ಪು ಸಿಕ್ಕಿಬಿಟ್ಟರೆ ಆಮೇಲೆ ಬಂದದ್ದೆಲ್ಲ ಅದಕ್ಕೇ ಪುರಾವೆ. ನಂಬರು ಸರಿಯಿದ್ದರೂ ಆಕೆ ಕಳ್ಳಿ, ತಪ್ಪಿದ್ದರೂ ಆಕೆ ಕಳ್ಳಿ. ನಾನು ಡಬ್ಬದೊಳಗೆ ನಂಬರು ಬರೆದಿಟ್ಟ ಫೈಲು ಯಾವಾಗ ತಿದ್ದಿದ್ದು ಎಂದು ನೋಡಿದೆ. ಕಂಪ್ಯೂಟರ್ ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿದ ಹಾಗಿರಲಿಲ್ಲ. ಇದನ್ನು ಹೇಳಿದೆ. "ಅದನ್ನೂ ತಿದ್ದಿರ್ತಾಳೆ ಬಿಡಿ, ಬುದ್ಧಿವಂತೆ" ಎಂದರು ಡಿಸೈನ್ ಮುಖ್ಯಸ್ಥರು. ಹತ್ತು ನಿಮಿಷದ ಹಿಂದೆ ಅವರ ಬಾಯಲ್ಲಿ ಪಾಪದ ಹುಡುಗಿಯಾಗಿದ್ದವಳು ಆಗಲೇ ಬುದ್ಧಿವಂತೆಯಾಗಿದ್ದಳು.

ಆಕೆಯನ್ನು ಕರೆಸಿ ಎಂದೆ. ಮರುದಿನ ಬೆಳಿಗ್ಗೆ ಬಂದಳು. ಹಾಲಿನೊಳಗೆ ಬಿಡದೆ ಗೇಟಿನ ಹತ್ತಿರದ ಸೆಕ್ಯುರಿಟಿ ಕೋಣೆಯಲ್ಲಿ ಕೂರಿಸಿದ್ದರು. ಇಪ್ಪತ್ತೈದರ ಆಸುಪಾಸಿನ ವಯಸ್ಸು, ಹತ್ತಿ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಮನೆ ಬೋಗಾದಿಯಲ್ಲಿ. ನಾನು ಒಬ್ಬಳೇ ಮಾತಾಡುತ್ತೇನೆಂದರೂ ಡಿಸೈನ್ ಮುಖ್ಯಸ್ಥರು ಬಂದು ಕುರ್ಚಿ ಎಳೆದುಕೊಂಡು ಕೂತರು.

"ನಾನು ಕಳ್ಸಿಲ್ಲ ಮೇಡಂ" ಎಂದಳು. ಅಳಲಿಲ್ಲ. ಅತ್ತು ಮುಗಿದಿರಬೇಕು.

ಹಬ್ಬದ ಆಸುಪಾಸಿನ ದಿನಗಳಲ್ಲಿ ಏನು ಮಾಡಿದಳೆಂದು ಒಂದೊಂದಾಗಿ ಕೇಳುತ್ತಾ ಬಂದೆ. ಆಯುಧಪೂಜೆಯ ದಿನ ಆಕೆ ಬಂದಿರಲಿಲ್ಲ.

"ನಮ್ಮನೇಲಿ ಆ ಪೂಜೆ ಮಾಡಲ್ಲ ಮೇಡಂ. ನಮ್ಮಪ್ಪ ಇದ್ದಾಗ್ಲೇ ಬೌದ್ಧ ಧರ್ಮ ತಗೊಂಡಿದ್ರು. ರಜ ಬರ್ಕೊಟ್ಟಿದ್ದೆ."

"ನೋಡಿ, ಇಡೀ ಕಾರ್ಖಾನೆ ಪೂಜೇಲಿದ್ರೆ ಇವ್ರೊಬ್ರು ಇಲ್ಲ" ಎಂದು ಮುಖ್ಯಸ್ಥರು ನನ್ನ ಕಡೆ ತಿರುಗಿ ಹುಬ್ಬೇರಿಸಿದರು. ಪೂಜೆಗೆ ಬಾರದಿದ್ದುದೂ ಆಕೆಯ ಮೇಲಿನ ಆಪಾದನೆಗಳಲ್ಲಿ ಒಂದಾಗಿತ್ತು. ಅದನ್ನು ಕಾಗದದ ಮೇಲೆ ಯಾರೂ ಬರೆಯುವುದಿಲ್ಲ, ಹುಬ್ಬಿನಲ್ಲಿ ಬರೆಯುತ್ತಾರೆ.

"ರಜ ಮುಗಿದು ಬಂದಾಗ ಕಂಪ್ಯೂಟರ್ ಹೆಂಗಿತ್ತಮ್ಮ? ಏನಾದ್ರೂ ಬೇರೆ ಥರ ಕಾಣಿಸ್ತಾ?"

ಆಕೆ ಸ್ವಲ್ಪ ಯೋಚಿಸಿದಳು. "ಬೇರೆ ಥರಾನೇ ಇತ್ತು ಮೇಡಂ. ಲಾಗಿನ್ ಕೇಳೋ ಜಾಗದಲ್ಲಿ ನನ್ನ ಹೆಸರಿರಲಿಲ್ಲ. ಅಕೌಂಟ್ಸ್‌ನವರ ಹೆಸರಿತ್ತು. ಅಳಿಸಿ ನನ್ನ ಹೆಸರು ಹಾಕ್ದೆ. ಸಾರ್‌ಗೂ ಹೇಳಿದ್ದೆ."

"ಪೂಜೆಗೆ ಕ್ಲೀನ್ ಮಾಡಿದ್ರಲ್ಲ, ಅದಕ್ಕೆ ಹಂಗಾಗಿರುತ್ತೆ" ಎಂದು ಮುಖ್ಯಸ್ಥರು ಎದ್ದುನಿಂತರು. "ಇಂಥವೆಲ್ಲ ಕೇಳ್ತಾ ಕೂತ್ರೆ ಮುಗಿಯೋದಿಲ್ಲ ಮೇಡಂ."

ಆ ಕಂಪ್ಯೂಟರುಗಳು ಹಾಗೆಯೇ ಇದ್ದವು. ಕೊನೆಯ ಸಲ ಒಳಗೆ ಬಂದವರ ಹೆಸರನ್ನು ಬೆಳಿಗ್ಗೆ ಎದುರಿಗೆ ಹಿಡಿಯುತ್ತಿದ್ದವು. ಬಟ್ಟೆಯಲ್ಲಿ ಒರೆಸಿದರೆ ಧೂಳು ಹೋಗುತ್ತದೆ, ಹೆಸರು ಬದಲಾಗುವುದಿಲ್ಲ. ನಾನು ನೇರ ಹಾಲಿಗೆ ಹೋಗಿ ಒಂದೊಂದೇ ಮೇಜಿನ ಕೆಳಗಿನ ಡಬ್ಬದ ನಂಬರು ನೋಡಿದೆ. ಎರಡೋ ಮೂರೋ ಬಿಟ್ಟರೆ ಯಾವ ಮೇಜಿನಲ್ಲೂ ನಕ್ಷೆಯಲ್ಲಿದ್ದ ನಂಬರು ಇರಲಿಲ್ಲ. ಹದಿನೇಳು ಸಿಕ್ಕಿದ್ದು ಡಿಸೈನ್ ಮುಖ್ಯಸ್ಥರ ಮೇಜಿನ ಕೆಳಗೆ.

ಆಯುಧಪೂಜೆ ಮುಂದೆ ನಿಂತು ಮಾಡಿಸಿದವರು ಸ್ಟೋರ್ಸ್ ಮೇಲ್ವಿಚಾರಕರು. ಅವರನ್ನು ಕೇಳಿದೆ. ಹೆಮ್ಮೆಯಿಂದಲೇ ಹೇಳಿದರು.

"ಮೊದ್ಲೆಲ್ಲ ಮೇಜಿನ ಹತ್ರಾನೇ ಕುಂಕುಮ ಇಡ್ತಿದ್ವಿ ಮೇಡಂ. ಈ ಸಲ ಚೆನ್ನಾಗ್ ಮಾಡಣ ಅಂತ ಎಲ್ಲ ಸಿಪಿಯೂನೂ ಕಿತ್ತು ತಂದು ಬಾಗಿಲ ಹತ್ರ ಸಾಲಾಗಿ ಜೋಡ್ಸುದ್ವಿ. ಸೋಪ್ ನೀರಲ್ಲಿ ಒರೆಸಿ, ಗಂಧ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡುದ್ವಿ. ಪುರಿ, ಬತ್ತಾಸು ಎಲ್ರಿಗೂ ಕೊಟ್ವಿ."

"ಯಾವುದು ಯಾರದು ಅಂತ ಡಬ್ಬದ ಮೇಲೆ ಗುರುತೇನೂ ಇರ್ಲಿಲ್ವಾ?"

"ಹೆಸರಿನ ಚೀಟಿ ಅಂಟಿಸಿದ್ರು, ಸೋಪ್ ನೀರಿಗೆ ಕಿತ್ತೋದ್ವು."

"ಮತ್ತೆ ವಾಪಸ್ ಇಟ್ಟವರು ಯಾರು?"

"ಎಲ್ರೂ ಸೇರಿ ಒಂದೊಂದ್ ಎತ್ಕೊಂಡೋಗಿ ಇಟ್ವಿ. ಯಾವುದಾದ್ರೇನು ಮೇಡಂ, ಎಲ್ಲ ಒಂದೇ ಅಲ್ವ?"

ಎಲ್ಲ ಒಂದೇ! ಪೂಜೆಯ ಮೇಲೆ ನನಗೇನೂ ಕೋಪವಿಲ್ಲ, ನಮ್ಮ ಮನೆಯಲ್ಲೂ ಈಳಿಗೆಮಣೆಗೆ ವಿಭೂತಿ ಹಚ್ಚುತ್ತೇವೆ. ಕೋಪ ಬಂದದ್ದು ಆ ಹಾಲಿನಲ್ಲಿ ಕೂತವರ ಮೇಲೆ. ರಜೆ ಮುಗಿದು ಬಂದ ಬೆಳಿಗ್ಗೆ ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಬೇರೆಯವರ ಹೆಸರು ಅಳಿಸಿ ತಮ್ಮ ಹೆಸರು ಹಾಕಿಕೊಂಡಿದ್ದರು. ಡಬ್ಬಗಳು ಅದಲುಬದಲಾಗಿವೆಯೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ "ಹದಿನೇಳು ಅವಳದು" ಎಂದು ಆಕೆಯನ್ನು ಎದ್ದೇಳಿಸಿ ಕಳಿಸುವಾಗ ಒಬ್ಬರಾದರೂ, ಸ್ವಾಮಿ, ಡಬ್ಬ ಬದಲಾಗಿವೆಯಲ್ಲ ಎನ್ನಲಿಲ್ಲ. ಪೂಜೆಗೆ ಬಾರದ ಒಬ್ಬಳಿಗೆ ಮಾತ್ರ ಅದು ಗೊತ್ತಿರಲಿಲ್ಲ, ಆಕೆಯನ್ನೇ ಹಿಡಿದಿದ್ದರು. ಒಂದಿಬ್ಬರನ್ನು ಕೇಳಿಯೂ ಬಿಟ್ಟೆ. "ನಮ್ಮನ್ನ ಯಾರೂ ಕೇಳ್ಲಿಲ್ಲ" ಎಂದರು.

ಮ್ಯಾನೇಜರ್ ಕೋಣೆಯಲ್ಲಿ ಇದನ್ನೆಲ್ಲ ಹೇಳಿದೆ. ಡಿಸೈನ್ ಮುಖ್ಯಸ್ಥರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು, ಆಮೇಲೆ ಸರಿಹೋಯಿತು. "ಓ ಅದಾ? ಅವಳನ್ನ ಸಸ್ಪೆಂಡ್ ಮಾಡಿದ ದಿನ ಆ ಸಿಪಿಯೂನ ನಾನೇ ನನ್ನ ಮೇಜಿಗೆ ತಗೊಂಡೆ ಮೇಡಂ. ಜೋಪಾನವಾಗಿರ್ಲಿ ಅಂತ. ಅದಕ್ಕೆ ಮುಂಚೆ ಅವಳ ಹತ್ರಾನೇ ಇತ್ತು."

"ನೆನ್ನೆ ನಾನು ಆಕೆಯ ಮೇಜಿನ ಮುಂದೆ ಕೂತಾಗ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಅದೊಂದೇ ಉತ್ತರ ಬಾಯಿಪಾಠವಾಗಿತ್ತು. ಆದರೆ ಆತ ಹೇಳಿದ್ದನ್ನು ಸುಳ್ಳೆಂದು ತೋರಿಸಲು ನನ್ನ ಕೈಯಲ್ಲಿ ಆಗ ಏನೂ ಇರಲಿಲ್ಲ. ಡ್ರಾಯಿಂಗ್‌ಗಳನ್ನಿಡುವ ಇನ್ನೊಂದು ಸರ್ವರ್ ಯಾವ ಲಾಗಿನ್ ಯಾವ ನಂಬರಿನಿಂದ ಬಂತು ಎಂದು ಬರೆದುಕೊಳ್ಳುತ್ತಿತ್ತು. ಅದನ್ನು ನೋಡಿದರೆ ಹಬ್ಬದ ಮುಂಚೆ ಹದಿನೇಳರಲ್ಲಿ ಯಾರಿದ್ದರು, ಆಮೇಲೆ ಯಾರಿದ್ದರು ಎಂದು ತಿಳಿಯುತ್ತದೆ. ತೆರೆದೆ. ಜಾಗ ತುಂಬಿದಂತೆಲ್ಲ ಹಳೆಯದರ ಮೇಲೆ ಹೊಸದನ್ನು ಬರೆದುಕೊಂಡು ಹೋಗಿತ್ತು. ಹಬ್ಬದ ದಿನಗಳು ಅಳಿಸಿಹೋಗಿದ್ದವು. ಮುಖ್ಯಸ್ಥರಿಗೆ ಅದು ಗೊತ್ತಿತ್ತೆಂದೇ ನನ್ನ ಗುಮಾನಿ. ಅಷ್ಟು ನಿರಾಳವಾಗಿ ಅವರು ಚಹಾ ಕುಡಿಯುತ್ತಿದ್ದರು.

ಉಳಿದಿದ್ದು ಬ್ಯಾಕಪ್ ಟೇಪು. ವಾರಕ್ಕೊಮ್ಮೆ ಸರ್ವರಿನಲ್ಲಿರುವುದನ್ನೆಲ್ಲ ಒಂದು ಟೇಪಿಗೆ ತುಂಬಿ ಬೀರುವಿನಲ್ಲಿಡುತ್ತಿದ್ದರು. ಹಬ್ಬ ಮುಗಿದ ವಾರದ ಟೇಪು ಸಿಕ್ಕಿತು. ಕೈಗೆ ತೆಗೆದುಕೊಂಡು ನೋಡಿದರೆ ಅದಕ್ಕೂ ಗಂಧ, ಕುಂಕುಮ! ಬೀರುವಿನಲ್ಲಿದ್ದ ಖಾಲಿ ಟೇಪುಗಳನ್ನೂ ಪೂಜೆಗಿಟ್ಟು, ಒಂದನ್ನು ಹಾಗೆಯೇ ಡ್ರೈವಿಗೆ ತುರುಕಿ ಬ್ಯಾಕಪ್ ಮಾಡಿದ್ದರು. ಟೇಪಿನ ಬಾಯಿಯ ಮುಚ್ಚಳಕ್ಕೆ ಒಣಗಿದ ಗಂಧ ಮೆತ್ತಿಕೊಂಡಿತ್ತು. ಡ್ರೈವಿಗೆ ಹಾಕಿದೆ, ಕರಕರ ಎಂದು ಸದ್ದು ಮಾಡಿ ಆಚೆ ಉಗುಳಿತು. ಮತ್ತೆ ಹಾಕಿದೆ, ಮತ್ತೆ ಉಗುಳಿತು. ಮೂರನೆಯ ಸಲ ಹಾಕಲು ಧೈರ್ಯ ಬರಲಿಲ್ಲ. ಒಳಗಿನ ಪಟ್ಟಿ ಹರಿದರೆ ಆಕೆಯ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು.

ಔಷಧಿ ಅಂಗಡಿಯಿಂದ ಸ್ಪಿರಿಟ್ಟು, ಹತ್ತಿ ತರಿಸಿದೆ. ಕಿವಿಗೆ ಹಾಕುವ ಕಡ್ಡಿಗೆ ಹತ್ತಿ ಸುತ್ತಿ, ಮುಚ್ಚಳದ ಸಂದಿಯಲ್ಲಿದ್ದ ಗಂಧವನ್ನು ನೆನೆಸಿ ನೆನೆಸಿ ತೆಗೆದೆ. ಒತ್ತಿದರೆ ಪುಡಿ ಒಳಗೆ ಬೀಳುತ್ತದೆ, ಒತ್ತದಿದ್ದರೆ ಬಿಡುವುದಿಲ್ಲ. ಆಮೇಲೆ ಡ್ರೈವಿನ ಬಾಯಿ. ಅದರೊಳಗೂ ಕುಂಕುಮದ ಕೆಂಪು. ಅರ್ಧ ದಿನ ಅದೇ ಆಯಿತು. ಬೇರೆಯವರು ಊಟಕ್ಕೆದ್ದು ಹೋಗುತ್ತಾ "ಮೇಡಂ ಇನ್ನೂ ಅಭಿಷೇಕ ಮಾಡ್ತಾನೇ ಅವ್ರೆ" ಎಂದು ನಕ್ಕದ್ದು ಕೇಳಿಸಿತು. ನಾನು ತಲೆಯೆತ್ತಲಿಲ್ಲ. ಮತ್ತೆ ಹಾಕಿದಾಗ ಟೇಪು ನಿಧಾನವಾಗಿ, ನಡುನಡುವೆ ತಡವರಿಸುತ್ತಾ ಓಡಿತು. ಕೆಲವು ಫೈಲುಗಳು ಬರಲಿಲ್ಲ. ನನಗೆ ಬೇಕಾದದ್ದು ಬಂತು.

ಅದರಲ್ಲಿ ಎಲ್ಲ ಇತ್ತು. ಹಬ್ಬದ ಮುಂಚೆ ಹದಿನೇಳರಿಂದ ದಿನವೂ ಆಕೆಯ ಲಾಗಿನ್. ರಜೆ ಮುಗಿದ ಮೊದಲ ಬೆಳಿಗ್ಗೆಯಿಂದಲೇ ಹದಿನೇಳರಿಂದ ಡಿಸೈನ್ ಮುಖ್ಯಸ್ಥರ ಲಾಗಿನ್. ಫೈಲು ಹೊರಗೆ ಹೋದ ಮಧ್ಯಾಹ್ನವೂ ಅವರೇ, ಅದಕ್ಕೆ ಸ್ವಲ್ಪ ಮುಂಚೆ ಆ ಡ್ರಾಯಿಂಗನ್ನು ತೆರೆದವರೂ ಅವರೇ. ಆ ಹೊತ್ತಿಗೆ ಆಕೆ ಇಪ್ಪತ್ಮೂರರಲ್ಲಿ ಕೂತು ಬೇರೆ ಏನೋ ಗೆರೆ ಎಳೆಯುತ್ತಿದ್ದಳು. ಹಾಲಿನ ಬಾಕಿ ಜನರ ನಂಬರುಗಳೂ ಅದೇ ಬೆಳಿಗ್ಗೆ ಅದಲುಬದಲಾಗಿದ್ದವು.

ಇದರಲ್ಲಿ ನನ್ನನ್ನು ಹೆಚ್ಚು ಕೆರಳಿಸಿದ್ದು ಒಂದು ಸಣ್ಣ ಸಂಗತಿ. ಆ ಮೊದಲ ಬೆಳಿಗ್ಗೆ ಹದಿನೇಳು ಆತನಿಗೆ ತೋರಿಸಿದ್ದು ಆಕೆಯ ಹೆಸರನ್ನು. ಆತ ಅದನ್ನು ಓದಿ, ಅಳಿಸಿ, ತನ್ನ ಹೆಸರು ಹಾಕಿಕೊಂಡಿದ್ದ. ಅಂದರೆ ಇದು ಯಾರ ಡಬ್ಬ, ನಾಳೆ ತನಿಖೆಯಾದರೆ ಯಾರ ಹೆಸರು ಬರುತ್ತದೆ ಎಂದು ತಿಳಿದುಕೊಂಡೇ ಕಳಿಸಿದ್ದ. ಆಮೇಲೆ "ಪಾಪ" ಎಂದಿದ್ದ.

ಮ್ಯಾನೇಜರ್ ನನ್ನ ಹಾಳೆಗಳನ್ನು ಓದಿ ಮೇಜಿನ ಮೇಲೆ ಮಗುಚಿಟ್ಟರು. ಆಮೇಲೆ ಧ್ವನಿ ಬದಲಾಯಿತು. 'ರೀ' ಹೋಗಿ 'ಅಮ್ಮ' ಬಂತು.

"ನೋಡಮ್ಮ, ನಿಮ್ಮ ತಂದೆಯವರನ್ನ ನಾನು ಮಠದಲ್ಲಿ ನೋಡ್ತಿರ್ತೀನಿ. ನಮ್ಮೋರೇ ನೀವು. ನಮ್ಮ ಮುಖ್ಯಸ್ಥರೇ ಹಿಂಗ್ಮಾಡಿದ್ರು ಅಂತ ಆಚೆಗೆ ಹೋದ್ರೆ ಆ ದೊಡ್ಡ ಕಂಪನಿಯೋರು ನಮ್ಮನ್ನ ಬಾಗಿಲೊಳಕ್ಕೂ ಬಿಡಲ್ಲ. ಖಚಿತವಾಗಿ ಹೇಳಕ್ಕಾಗಲ್ಲ ಅಂತ ಬರ್ಕೊಡಿ. ವೈರಸ್ ಬಂದು ತಾನಾಗೇ ಹೋಗಿರ್ಬೋದು ಅಂತಾದ್ರೂ ಬರೀರಿ. ಕಂಪ್ಯೂಟರ್ ಅಂದ್ಮೇಲೆ ತಪ್ಪಾಗುತ್ತೆ ಕಣಮ್ಮ."

ಮೂರು ದಿನದ ಹಿಂದೆ ಅದೇ ಕುರ್ಚಿಯಲ್ಲಿ ಕೂತು ಕಂಪ್ಯೂಟರ್ ಸುಳ್ಳು ಹೇಳಲ್ಲ ಎಂದಿದ್ದವರು ಇವರೇ.

"ಆ ಹೆಣ್ಣುಮಗಳು?"

"ವಾಪಸ್ ತಗೋತೀವಿ. ಮಾನವೀಯತೆ ಮೇಲೆ. ಪ್ಯಾಕಿಂಗ್ ಕಡೆ ಹಾಕ್ತೀವಿ, ಯಾರ ಕಣ್ಣಿಗೂ ಬೀಳಲ್ಲ."

ನಾನು ಅಲ್ಲೇ ಎದ್ದು ಬಾಯಿಗೆ ಬಂದದ್ದು ಹೇಳಬೇಕಿತ್ತು. ಹೇಳಲಿಲ್ಲ, ಏಕೆಂದರೆ ಕೆಲಸ ಬೇಕಾಗಿದ್ದದ್ದು ಆಕೆಗೆ. ನಾನು ಧರ್ಮರಾಯನ ಹಾಗೆ ಹಟ ಹಿಡಿದು, ಇವರು ಸಿಟ್ಟಿಗೆದ್ದು ವರದಿಯನ್ನೇ ಡ್ರಾಯರಿಗೆ ಹಾಕಿ ಆಕೆಯನ್ನು ಆಚೆಗೇ ಇಟ್ಟರೆ? ಇದನ್ನು ನಾನೊಬ್ಬಳೇ ತೀರ್ಮಾನಿಸುವುದು ಸರಿಯಲ್ಲ ಅನ್ನಿಸಿತು. ಬೋಗಾದಿಗೆ ಹೋದೆ.

ಹೊಸ ಬಡಾವಣೆಯ ಅರ್ಧ ಕಟ್ಟಿದ ಮನೆಗಳ ಮಧ್ಯೆ, ಜಲ್ಲಿ ರಾಶಿ ದಾಟಿ, ಬಾಡಿಗೆಗೆ ಕೊಟ್ಟ ಎರಡು ಕೋಣೆ. ಗೋಡೆಯ ಮೇಲೆ ಬುದ್ಧನ ಪಟ. ಆಕೆಯ ತಾಯಿ ಬಾಗಿಲಲ್ಲೇ ನಿಂತರು, ಒಳಗೆ ಬನ್ನಿ ಎನ್ನಲಿಲ್ಲ.

"ಇನ್ನೇನು ಕೇಳಕ್ ಬಂದ್ರಿ? ಕದ್ದೋಳು ಅಂತ ಬೀದೀಗೆಲ್ಲ ಗೊತ್ತಾಯ್ತು. ನಲ್ಲಿ ತಾವ ನೀರಿಗೋದ್ರೆ ಮಾತಾಡ್ಸೋರಿಲ್ಲ" ಎಂದರು. ಆ ಸಿಟ್ಟು ನನಗೆ ಸಲ್ಲಬೇಕಾದದ್ದೇ. ಆ ಕಾರ್ಖಾನೆಯ ಕಡೆಯಿಂದ ಬಂದವಳು ತಾನೇ ನಾನು.

ಮಗಳು ಬಂದು ಒಳಗೆ ಕರೆದಳು. ಎಲ್ಲ ಹೇಳಿದೆ. ಪೂಜೆಯ ದಿನ ಡಬ್ಬಗಳನ್ನು ಕಿತ್ತದ್ದು, ಮನಬಂದಂತೆ ಇಟ್ಟದ್ದು, ಟೇಪಿನಲ್ಲಿ ಸಿಕ್ಕಿದ್ದು, ಕೊನೆಗೆ ಮ್ಯಾನೇಜರ್ ಹೇಳಿದ್ದು. ಆಕೆ ಮಧ್ಯೆ ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ಎತ್ತಿಟ್ಟಾಗ ಎಲ್ರೂ ಇದ್ರಾ ಮೇಡಂ?"

"ಇದ್ರು."

"ಎಲ್ರೂನಾ?"

"ನೀನೊಬ್ಬಳು ಬಿಟ್ಟು."

ಆಕೆ ಕಾಲ ಬೆರಳು ನೋಡಿಕೊಂಡಳು. "ನನ್ನ ಪಕ್ಕದ ಮೇಜಿನೋರು ದಿನಾ ನನ್ನ ಊಟದ ಡಬ್ಬಿಯಿಂದ್ಲೇ ಪಲ್ಯ ಹಾಕ್ಕೊಂಡು ತಿಂತಿದ್ರು" ಎಂದಳು. ಆಮೇಲೆ ಮುಖ ಎತ್ತಿದಳು. "ಮಾನವೀಯತೆ ಬೇಡ ಮೇಡಂ. ನಾನು ಏನ್ ಮಾಡಿದೀನಿ ಅಂತ ಮಾನವೀಯತೆ? ಎಲ್ರ ಎದುರಿಗೆ ಎಬ್ಬಿಸಿ ಕಳಿಸಿದ್ರು. ಎಲ್ರ ಎದುರಿಗೇ ಕೂರಿಸ್ಲಿ. ಅದಾಗಲ್ಲ ಅಂದ್ರೆ ನಾನು ಬರಲ್ಲ."

"ಕೆಲಸ ಹೋಗ್ಬೋದಮ್ಮ."

"ಅದು ಹೋಗಿ ಆಯ್ತಲ್ಲ ಮೇಡಂ."

ತಾಯಿ ಚಹಾ ತಂದು ನನ್ನ ಮುಂದೆ ಇಟ್ಟರು. ಕುಡಿದು ಹೊರಟೆ. ದಾರಿಯಲ್ಲಿ ಯೋಚಿಸಿದೆ. ವರದಿ ಬರೆದರೆ ಅದು ಒಂದು ಕಡತವಾಗುತ್ತದೆ, ಕಡತವನ್ನು ಮುಚ್ಚಿಡಬಹುದು. ಮೇಲ್‌ನಲ್ಲಿ ಕಳಿಸಿದರೆ ಅಳಿಸಬಹುದು. ತಪ್ಪು ನಡೆದದ್ದು ತಂತಿಯಲ್ಲಲ್ಲ, ಹಾಲಿನಲ್ಲಿ, ಕೈಗಳಲ್ಲಿ. ಅದನ್ನು ಸರಿಮಾಡಬೇಕಾದದ್ದೂ ಅಲ್ಲೇ, ಅದೇ ಕೈಗಳಿಂದಲೇ ಎಂದು ತೀರ್ಮಾನಿಸಿದೆ.

ಮರುದಿನ ಮ್ಯಾನೇಜರಿಗೆ ಹೇಳಿದೆ. "ವರದಿ ಆಮೇಲೆ ನೋಡೋಣ. ಮೊದಲು ಡಬ್ಬಗಳು ಅವರವರ ಮೇಜಿಗೆ ಹೋಗಬೇಕು. ನಿಮ್ಮ ಕೋಣೇದು ಈಗ ಸ್ಟೋರ್ಸ್‌ನಲ್ಲಿದೆ, ಗೊತ್ತಾ? ಅಲ್ಲಿ ಯಾರು ಏನು ನೋಡಿದ್ರೂ ಸರ್ವರ್‌ನಲ್ಲಿ ನಿಮ್ಮ ನಂಬರೇ ಬೀಳುತ್ತೆ."

ಅವರು ಚುರುಕಾದರು. "ಏನೇನು ಬಿದ್ದಿದೆ?"

"ನಾನು ಓದಿಲ್ಲ. ಓದಬೇಕಾ?"

"ಬೇಡ ಬೇಡ. ಇವತ್ತೇ ಬದಲಾಯಿಸ್ಬುಡಿ."

"ಎಲ್ಲರೂ ಇರಬೇಕು, ಅವರವರ ಡಬ್ಬಕ್ಕೆ ಅವರವರೇ ಲಾಗಿನ್ ಆಗಿ ತೋರಿಸಬೇಕು. ಆ ಆಪರೇಟರನ್ನೂ ಕರೆಸಬೇಕಾಗುತ್ತೆ. ಹೇಗೂ ವಾಪಸ್ ತಗೋತೀನಿ ಅಂದಿದ್ದೀರಲ್ಲ."

ತಲೆಯಾಡಿಸಿದರು. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳದ್ದನ್ನು ಹೇಳಲಿಲ್ಲ. ಆ ಕಾರ್ಖಾನೆಯಲ್ಲಿ ನಾನು ಕಲಿತ ಪಾಠವೇ ಅದು.

ಮಧ್ಯಾಹ್ನ ಊಟ ಮುಗಿದ ಮೇಲೆ ಎಲ್ಲರೂ ಹಾಲಿನಲ್ಲಿ ನಿಂತರು. ಆಕೆ ಬಾಗಿಲ ಹತ್ತಿರ ನಿಂತಳು. ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ. ನಾನು ಹಾಳೆ ಹಿಡಿದುಕೊಂಡು ಒಂದೊಂದೇ ಓದಿದೆ. ಈ ನಂಬರಿನ ಡಬ್ಬ, ಹಬ್ಬದ ಮುಂಚೆ ಇವರದು, ರಜೆ ಮುಗಿದ ಬೆಳಿಗ್ಗೆಯಿಂದ ಇಂಥವರ ಲಾಗಿನ್ ಇದರಲ್ಲಿದೆ, ದಯವಿಟ್ಟು ಎತ್ತಿಕೊಂಡು ಹೋಗಿ ಅವರ ಮೇಜಿಗೆ ಇಡಿ. ಮೊದಲಿಗೆ ಗಲಾಟೆ, ನಗು. ಮ್ಯಾನೇಜರ್ ಡಬ್ಬ ಸ್ಟೋರ್ಸ್‌ನಿಂದ ಬಂದಾಗ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ವೈರು ಕೀಳುವುದು, ಹೊರುವುದು, ಚುಚ್ಚುವುದು. ಪೂಜೆಯ ದಿನವೂ ಹೀಗೇ ಹುರುಪಿನಲ್ಲಿ ಹೊತ್ತಿರಬೇಕು.

"ಹದಿನೇಳು" ಎಂದೆ.

ನಗು ನಿಂತಿತು. ಆ ನಂಬರು ಅಲ್ಲಿ ಎಲ್ಲರ ನಾಲಿಗೆಯ ಮೇಲೂ ಓಡಾಡಿತ್ತು.

"ಹಬ್ಬದ ಮುಂಚೆ ಡ್ರಾಯಿಂಗ್ ಆಪರೇಟರದು. ರಜೆ ಮುಗಿದ ಮೊದಲ ಬೆಳಿಗ್ಗೆಯಿಂದ ಇದರಲ್ಲಿರುವುದು ಡಿಸೈನ್ ಮುಖ್ಯಸ್ಥರ ಲಾಗಿನ್. ನಡುವೆ ಬೇರೆ ಯಾರದೂ ಇಲ್ಲ." ಉಳಿದವರಿಗೆ ಓದಿದ ಧ್ವನಿಯಲ್ಲೇ ಓದಿದೆ. ಇನ್ನೇನೂ ಸೇರಿಸಲಿಲ್ಲ.

ಮ್ಯಾನೇಜರ್ "ಮುಂದಿಂದು ಓದಿ ಮೇಡಂ, ಬೇಗ ಬೇಗ" ಎಂದರು. ನಾನು ಓದಲಿಲ್ಲ. ಡಿಸೈನ್ ಮುಖ್ಯಸ್ಥರು ತಮ್ಮ ಮೇಜಿನ ಅಂಚು ಹಿಡಿದು ನಿಂತಿದ್ದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಆಕೆ ಬಾಗಿಲಿನಿಂದ ನಡೆದು ಬಂದಳು. ಅವರ ಮೇಜಿನ ಕೆಳಗೆ ಕೂತು ವೈರುಗಳನ್ನು ಒಂದೊಂದಾಗಿ ಕಿತ್ತಳು. ಅವರು ಎರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಡಬ್ಬ ಎತ್ತಿ ಎದೆಗೆ ಆನಿಸಿಕೊಂಡು ಎದ್ದಳು. ಭಾರವಿತ್ತು, ಸ್ವಲ್ಪ ತೂರಾಡಿದಳು. ಸ್ಟೋರ್ಸ್ ಮೇಲ್ವಿಚಾರಕರು ಓಡಿಬಂದು ಎರಡೂ ಕೈ ಚಾಚಿದರು.

"ಕೊಡಮ್ಮ ಇತ್ಲಾಗೆ, ನಾನು ಇಡ್ತೀನಿ."

"ಬೇಡ" ಎಂದಳು ಆಕೆ, ಇಡೀ ಹಾಲಿಗೆ ಕೇಳಿಸುವ ಹಾಗೆ. "ಅವತ್ತು ನೀವೆಲ್ಲ ಸೇರಿ ಇಟ್ಟಿದ್ದೇ ಸಾಕು."

ಅವರು ಚಾಚಿದ ಕೈ ಹಾಗೇ ಇತ್ತು. ಆಕೆ ಅವರನ್ನು ಬಳಸಿಕೊಂಡು ಹೋಗಿ ಡಬ್ಬವನ್ನು ತನ್ನ ಮೇಜಿನ ಕೆಳಗೆ ಇಟ್ಟಳು, ವೈರು ಚುಚ್ಚಿ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಡಿಸೈನ್ ಮುಖ್ಯಸ್ಥರ ಹೆಸರು ಮೂಡಿತು. ಆಕೆ ಅದನ್ನು ಅಳಿಸಲಿಲ್ಲ. ಮಾನಿಟರನ್ನು ಹಾಲಿನ ಕಡೆಗೆ ತಿರುಗಿಸಿಟ್ಟು, ಕುರ್ಚಿ ಎಳೆದುಕೊಂಡು ಕೂತಳು.